ಮಿಡತೆಯ ಪಕ್ಕದ ಹಾಳೆಯಲ್ಲಿ ಬೆನ್ನು ತುರಿಸುವ ಭೂತ ಯಾಕೆ?

ಪ್ರಶ್ನೆ: ಕೆಲಸದ ಮೇಲೆ ಬೀಜಿಂಗ್‌ಗೆ ಹೋಗಿದ್ದ ಮಗ ಚೀನಾದ ಚಿತ್ರಕಾರ ಚಿ ಬೈಶಿ ಅವರ ಆಯ್ದ ಚಿತ್ರಗಳ ಒಂದು ಆಲ್ಬಮ್ ತಂದುಕೊಟ್ಟಿದ್ದಾನೆ. ಅಚ್ಚಿನ ಪ್ರತಿ. ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಹಾಳೆಯಲ್ಲಿ ಎಲೆಯ ಮೇಲೆ ಮಿಡತೆ. ಇನ್ನೊಂದರಲ್ಲಿ ಗಡ್ಡದವನೊಬ್ಬನ ಬೆನ್ನು ತುರಿಸುತ್ತಿರುವ ಪುಟ್ಟ ಭೂತ. ಮತ್ತೊಂದರಲ್ಲಿ ಸಿಗಡಿ, ಆಮೇಲೆ ದೀಪ ಮತ್ತು ಇಲಿ. ಒಂದಕ್ಕೊಂದು ಸಂಬಂಧವೇ ಕಾಣಲಿಲ್ಲ. ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ ಬೇರೆ. ಇದು ಅವರು ಅಭ್ಯಾಸಕ್ಕೆ ಬರೆದುಕೊಂಡ ಸ್ಕೆಚ್ ಪುಸ್ತಕವೇ? ಮಿಡತೆಯ ಕಾಲಿನ ಮುಳ್ಳು ಕೂಡ ಎಣಿಸಬಹುದು, ಆದರೆ ಅದು ಕೂತ ಎಲೆ ನಾಲ್ಕು ಗೀಟಿನಲ್ಲಿ ಮುಗಿದಿದೆ. ಯಾಕೆ ಹೀಗೆ? ಕೊನೆಯದಾಗಿ, ಒಂದು ಹಾಳೆಯ ಕೆಳಗೆ 1942, ವಯಸ್ಸು 82 ಎಂದಿದೆ. ಅವರು ಹುಟ್ಟಿದ್ದು 1864ರಲ್ಲಂತೆ. ಲೆಕ್ಕ ಕೂಡುತ್ತಿಲ್ಲ.

ಉತ್ತರ: ಮೊದಲು ವಯಸ್ಸಿನ ಲೆಕ್ಕ ಮುಗಿಸಿಬಿಡೋಣ. ಅದು ಅಚ್ಚಿನ ತಪ್ಪಲ್ಲ. ಚಿ ಬೈಶಿ ಹುಟ್ಟಿದ್ದು 1864ರ ಜನವರಿ 1ರಂದು. ಚೀನಾದ ಪಂಚಾಂಗದಲ್ಲಿ ಅದು ಹಿಂದಿನ ವರ್ಷದ ಹನ್ನೊಂದನೇ ತಿಂಗಳು. ಅಲ್ಲಿ ಹುಟ್ಟಿದ ಮಗುವಿಗೆ ಆಗಲೇ ಒಂದು ವರ್ಷ ಎಂದು ಎಣಿಸುತ್ತಿದ್ದರು. ಹೊಸ ವರ್ಷ ಬಂದರೆ ಎರಡು. ನಮ್ಮ ಹಿರಿಯರು ‘ಎಪ್ಪತ್ತು ತುಂಬಿತು, ಎಪ್ಪತ್ತೊಂದು ನಡೀತಿದೆ’ ಅನ್ನುತ್ತಾರಲ್ಲ, ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಆ ಲೆಕ್ಕದಲ್ಲಿ 1942ಕ್ಕೆ ಅವರಿಗೆ 80. ಉಳಿದ ಎರಡು ವರ್ಷ ಸೇರಿಕೊಂಡದ್ದು 1937ರಲ್ಲಿ. ಆಗ 75. ಈ ವರ್ಷ ಗಂಡಾಂತರ ಇದೆ, 77 ಎಂದು ಹೇಳಿಕೊಂಡು ದಾಟಿಬಿಡಿ ಎಂದು ಜ್ಯೋತಿಷಿಯೊಬ್ಬರು ಹೇಳಿದರು. ಅವರು ಹಾಗೇ ಮಾಡಿದರು. 1957ರಲ್ಲಿ ತೀರಿಕೊಳ್ಳುವ ತನಕ ಆ ಎರಡು ವರ್ಷ ಸೇರಿಸಿಯೇ ಬರೆದರು. ಹಾಗಾಗಿ 82.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರೋಣ. ಇದು ಸ್ಕೆಚ್ ಪುಸ್ತಕ ಅಲ್ಲ. ಪ್ರತಿ ಹಾಳೆಯೂ ಮುಗಿದ ಚಿತ್ರ. ಹೆಸರು ಬರೆದು, ಮೊಹರು ಒತ್ತಿ, ಇನ್ನು ಕೈ ಹಾಕುವಂತಿಲ್ಲ ಎಂದು ಬಿಟ್ಟದ್ದು. ಅಭ್ಯಾಸಕ್ಕೆಂದೇ ಬರೆದ ಹಾಳೆ ಹೇಗಿರುತ್ತದೆ ಎಂದು ನೋಡಬೇಕಾದರೆ ಬೀಜಿಂಗ್‌ನ ಅರಮನೆ ಮ್ಯೂಸಿಯಂನಲ್ಲಿ ಒಂದಿದೆ. ಹತ್ತನೇ ಶತಮಾನದ ಹುವಾಂಗ್ ಚುವಾನ್ ಎಂಬ ಚಿತ್ರಕಾರರದು. ಒಂದು ರೇಷ್ಮೆ ಬಟ್ಟೆಯ ಮೇಲೆ 24 ಜೀವಿಗಳು. ಹಕ್ಕಿ, ಮಿಡತೆ, ಕಣಜ, ಆಮೆ, ಎಲ್ಲ ಬಿಡಿಬಿಡಿಯಾಗಿ. ಮೂಲೆಯಲ್ಲಿ ಸಣ್ಣಕ್ಕೆ ಬರೆದಿದೆ: ಮಗ ಜುಬಾವೊಗೆ ಕಲಿಯಲು ಕೊಟ್ಟದ್ದು. ಅಪ್ಪ ಮಗನಿಗೆ ಮಾಡಿಕೊಟ್ಟ ಪಾಠ ಅದು. ಅಲ್ಲಿ ಖಾಲಿ ಜಾಗಕ್ಕೆ ಯಾವ ಕೆಲಸವೂ ಇಲ್ಲ. ಜೀವಿಗಳನ್ನು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕೂರಿಸಿದ್ದಾರೆ. ನಿಮ್ಮ ಆಲ್ಬಮ್ಮಿನ ಮಿಡತೆಯನ್ನು ಒಂದು ಬೆರಳಿನಷ್ಟು ಆಚೆ ಸರಿಸಿ ನೋಡಿ. ಮನಸ್ಸಿನಲ್ಲೇ ಸರಿಸಿ. ಇಡೀ ಹಾಳೆ ಒಂದು ಕಡೆಗೆ ವಾಲುತ್ತದೆ, ಅಲ್ವಾ?

ಚೀನೀ ಭಾಷೆಯಲ್ಲಿ ಜೀವವಿರುವುದನ್ನು ನೋಡಿ ಚಿತ್ರಿಸುವುದಕ್ಕೆ ‘ಶಿಯೆ ಶೆಂಗ್’ ಅನ್ನುತ್ತಾರೆ. ಶಿಯೆ ಅಂದರೆ ಬರೆಯುವುದು, ಅಕ್ಷರ ಬರೆಯುವುದಕ್ಕೂ ಅದೇ ಮಾತು. ಶೆಂಗ್ ಅಂದರೆ ಜೀವ. ಬೇರೆ ಭಾಷೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಕನ್ನಡದವರಿಗೆ ಬೇಕಿಲ್ಲ. ನಾವೂ ಕಾಗದ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಈ ಒಂದು ಮಾತಿನಲ್ಲಿ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಇದೆ ಎಂದು ನನಗನಿಸುತ್ತದೆ. ‘ಅ’ ಅಕ್ಷರ ಬರೆಯುವಾಗ ನಾವು ಎದುರಿಗೆ ‘ಅ’ ಇಟ್ಟುಕೊಂಡು ನೋಡುವುದಿಲ್ಲ. ಅದು ಆಗಲೇ ಕೈಯಲ್ಲಿ ಕೂತಿದೆ. ಚಿ ಬೈಶಿಗೆ ಮಿಡತೆ ಹಾಗೆ ಕೈಯಲ್ಲಿ ಕೂತಿತ್ತು. ನೋಡುವ ಕೆಲಸ ಎಲ್ಲ ಮೊದಲೇ ಮುಗಿದಿರುತ್ತದೆ, ವರ್ಷಗಟ್ಟಲೆ. ಕುಂಚ ಹಿಡಿದ ಮೇಲೆ ಬರೆಯುವುದಷ್ಟೇ.

ಕೈಯಲ್ಲಿ ಕೂರದೆ ಇದ್ದರೆ? ಆಗ ಬರೆಯುತ್ತಿರಲಿಲ್ಲ. 1950ರ ದಶಕದ ಶುರುವಿನಲ್ಲಿ ಕಾದಂಬರಿಕಾರ ಲಾವೋ ಶೆ ಕೆಲವು ಕವಿತೆಯ ಸಾಲು ಕೊಟ್ಟು, ಇವುಗಳಿಗೆ ಚಿತ್ರ ಬರೆದುಕೊಡಿ ಎಂದು ಕೇಳಿದರು. ಒಂದು ಸಾಲಿನಲ್ಲಿ ಬಾಳೆಯ ಎಲೆ ಸುರುಳಿಯಾಗಿ ಹೂವನ್ನು ಅಪ್ಪಿಕೊಂಡಿತ್ತು. ಮುದುಕರಿಗೆ ಒಂದು ಅನುಮಾನ ಬಂತು. ಬಾಳೆಯ ಸುಳಿ ಎಡಕ್ಕೆ ಸುತ್ತಿರುತ್ತದೋ, ಬಲಕ್ಕೋ? ಹುಟ್ಟಿದೂರು ದಕ್ಷಿಣದ ಹುನಾನ್, ಅಲ್ಲಿ ನೋಡಿದ್ದರು. ಆದರೆ ನೆನಪಾಗಲಿಲ್ಲ. ಬೀಜಿಂಗ್‌ನ ಚಳಿಯಲ್ಲಿ ನೋಡೋಣ ಎಂದರೆ ಬಾಳೆ ಎಲ್ಲಿ? ಕೊನೆಗೆ ಸುಳಿಯನ್ನೇ ಬಿಟ್ಟು ಚಿತ್ರ ಮುಗಿಸಿದರು. ಎಂಬತ್ತು ದಾಟಿದ, ಇಡೀ ದೇಶ ತಲೆಬಾಗುತ್ತಿದ್ದ ಕಲಾವಿದ. ಯಾವ ಕಡೆಗೆ ತಿರುಗಿಸಿದ್ದರೂ ಕೇಳುವವರು ಇರಲಿಲ್ಲ. ನಿಮ್ಮ ಹಿತ್ತಲಲ್ಲಿ ಬಾಳೆ ಇದ್ದರೆ ನಾಳೆ ಬೆಳಗ್ಗೆ ಸುಳಿ ನೋಡಿ. ದಿನಾ ನೋಡುವ ಗಿಡ. ನೋಡದೆ ಹೇಳಲು ನಮ್ಮಲ್ಲಿ ಎಷ್ಟು ಜನಕ್ಕೆ ಆಗುತ್ತದೆ?

ಇನ್ನು ಎಲೆ ಮತ್ತು ಮಿಡತೆ. ಇದಕ್ಕೆ ಅವರ ಬದುಕಿನ ಕಥೆ ಸ್ವಲ್ಪ ಬೇಕು.

ಅವರು ಹುಟ್ಟಿದ್ದು ಶಿಯಾಂಗ್‌ತಾನ್ ಕಡೆಯ ಬಡ ರೈತರ ಮನೆಯಲ್ಲಿ. ಒಲೆಯ ಮುಂದೆ ಕೂತ ಅಜ್ಜ ಇಕ್ಕಳದಿಂದ ಬೂದಿಯಲ್ಲಿ ಗೀರಿ ಅಕ್ಷರ ಕಲಿಸಿದರು. ಸ್ಕೂಲಿಗೆ ಹೋದದ್ದು ಒಂದು ವರ್ಷವೂ ಇಲ್ಲ. ಆಮೇಲೆ ದನ ಕಾಯುವುದು, ಸೌದೆ ತರುವುದು. ಹದಿನೈದರ ಹೊತ್ತಿಗೆ ಬಡಗಿಯ ಹತ್ತಿರ ಸೇರಿಸಿದರು. ದಪ್ಪ ಕೆಲಸಕ್ಕೆ ಮೈಯಲ್ಲಿ ಬಲ ಇರಲಿಲ್ಲ, ಹಾಗಾಗಿ ಮರದ ಕೆತ್ತನೆಗೆ ತಿರುಗಿಕೊಂಡರು. ಮದುವೆಯ ಮಂಚ, ಬೀರು, ಅವುಗಳ ಮೇಲೆ ಹೂವು, ಹಣ್ಣು, ಕಥೆಯ ಮನುಷ್ಯರು. ಇಪ್ಪತ್ತನೇ ವಯಸ್ಸಿನಲ್ಲಿ ಕೆಲಸಕ್ಕೆ ಹೋದ ಒಂದು ಮನೆಯಲ್ಲಿ ‘ಸಾಸಿವೆ ಕಾಳಿನ ತೋಟ’ ಎಂಬ ಚಿತ್ರಪಾಠದ ಹಳೇ ಪುಸ್ತಕ ಕಂಡರು. 1679ರಿಂದ ಕಂತು ಕಂತಾಗಿ ಅಚ್ಚಾದ ಪುಸ್ತಕ ಅದು, ಚೀನಾದ ಚಿತ್ರ ಕಲಿಯುವವರಿಗೆಲ್ಲ ಮೊದಲ ಪಾಠ. ಅದನ್ನು ಎರವಲು ತಂದು, ಹಗಲು ಉಳಿ ಹಿಡಿದು, ರಾತ್ರಿ ದೀಪದ ಬೆಳಕಿನಲ್ಲಿ ಅರ್ಧ ವರ್ಷ ಕೂತು ನಕಲು ತೆಗೆದರು. ಊರಿನಲ್ಲಿ ತೀರಿಕೊಂಡವರ ಮುಖಚಿತ್ರ ಬರೆದು ಹೊಟ್ಟೆ ಹೊರೆದರು. ಈ ಬಡಗಿತನವನ್ನು ಅವರು ಕೊನೆಯವರೆಗೂ ಮುಚ್ಚಿಡಲಿಲ್ಲ. ಅವರ ಮೊಹರುಗಳನ್ನು ಅವರೇ ಕೆತ್ತುತ್ತಿದ್ದರು. ಒಂದರಲ್ಲಿ ‘ಮರದ ಮನುಷ್ಯ’ ಎಂದಿದೆ, ಇನ್ನೊಂದರಲ್ಲಿ ‘ಲು ಬಾನ್ ಶಿಷ್ಯ’. ಲು ಬಾನ್ ಎಂದರೆ ಚೀನಾದ ಬಡಗಿಗಳಿಗೆ ನಮ್ಮ ವಿಶ್ವಕರ್ಮ ಇದ್ದ ಹಾಗೆ. ನಿಮ್ಮ ಹಾಳೆಗಳ ಮೇಲಿನ ಕೆಂಪು ಚೌಕಗಳು ಇಂಥವೇ. ಕಲ್ಲಿನಲ್ಲಿ ಕೆತ್ತಿ, ಎಣ್ಣೆಯಲ್ಲಿ ಕಲಸಿದ ಇಂಗುಲಿಕದ ಕೆಂಪಿನಲ್ಲಿ ಅದ್ದಿ ಒತ್ತುವುದು.

ಬಡಗಿ ಯಾವುದನ್ನು ನೋಡಿದರೂ ಮೊದಲು ನೋಡುವುದು ಸಂದು. ಮರಕ್ಕೆ ಮರ ಎಲ್ಲಿ ಕೂತಿದೆ, ಭಾರ ಎಲ್ಲಿ ಬೀಳುತ್ತದೆ. ನಿಮ್ಮ ಮಿಡತೆಯ ಹಿಂಗಾಲು ನೋಡಿ. ತೊಡೆಯ ಕಡೆಯಿಂದ ಕಾಲಿನ ಗೀಟು ದಪ್ಪವಾಗಿ ಬಂದು, ಮಂಡಿಯ ಹತ್ತಿರ ಒಂದು ಕ್ಷಣ ನಿಂತು, ಮತ್ತೆ ಕೂದಲಿನಷ್ಟು ಸಪೂರವಾಗಿ ಕೆಳಗಿಳಿಯುತ್ತದೆ. ಆ ನಿಂತ ಜಾಗದಲ್ಲಿ ಮಸಿ ಒಂದು ಚುಕ್ಕೆ ಜಾಸ್ತಿ. ನೆಗೆಯುವ ಬಲ ಎಲ್ಲ ಅಲ್ಲಿ ಕೂತಿದೆ. ಈಗ ಭೂತದ ಹಾಳೆಗೆ ಬನ್ನಿ. ಅದರ ಮೊಣಕೈ ನೋಡಿ, ಗಡ್ಡದವನ ಬಾಗಿದ ಬೆನ್ನು ನೋಡಿ. ಅದೇ ಕಣ್ಣು, ಅದೇ ಕೈ. ಎರಡು ಹಾಳೆಗೂ ಸಂಬಂಧ ಕಾಣಲಿಲ್ಲ ಎಂದಿರಲ್ಲ, ನನಗೆ ಕಾಣುವ ಸಂಬಂಧ ಇದು. ಅವರಿಗೆ ಹುಳ ಬೇರೆ, ಮನುಷ್ಯ ಬೇರೆ ಎಂಬ ಎರಡು ನೋಟ ಇರಲಿಲ್ಲ.

ಹಾಗಾದರೆ ಎಲೆ ಯಾಕೆ ಒರಟು? ಚೀನಾದಲ್ಲಿ ಎರಡು ದಾರಿ ಇವೆ. ಒಂದು ಗೊಂಗ್‌ಬಿ, ನಾಜೂಕಾಗಿ ಗೆರೆ ಎಳೆದು ಬಣ್ಣ ತುಂಬುವುದು. ಇನ್ನೊಂದು ಶಿಯೆ ಯಿ, ಅಂದರೆ ಭಾವ ಬರೆಯುವುದು. ಅಲ್ಲಿ ನಾಲ್ಕು ಗೀಟಿನಲ್ಲಿ ಎಲೆ. ಸಾಮಾನ್ಯವಾಗಿ ಚಿತ್ರಕಾರ ಯಾವುದಾದರೂ ಒಂದು ದಾರಿ ಹಿಡಿಯುತ್ತಾನೆ. ಚಿ ಬೈಶಿ ಎರಡನ್ನೂ ಒಂದೇ ಹಾಳೆಗೆ ತಂದರು. ನೀವು ಹಿತ್ತಲಲ್ಲಿ ಮಿಡತೆಯನ್ನು ನಿಜವಾಗಿ ನೋಡುವಾಗ ಏನಾಗುತ್ತದೆ? ಅದರ ಮೀಸೆ ಅಲ್ಲಾಡುವುದು ಕಾಣುತ್ತದೆ. ಅದು ಕೂತ ಎಲೆ ಸುಮ್ನೆ ಹಸಿರು. ಕಣ್ಣು ಎರಡನ್ನೂ ಒಂದೇ ಸಲ ಹಿಡಿಯುವುದಿಲ್ಲ. ಆ ಹಾಳೆ ನಮ್ಮ ಕಣ್ಣು ನೋಡುವ ಹಾಗೇ ಇದೆ.

ಇದರ ಹಿಂದೆ ಒಂದು ಮುಂದಾಲೋಚನೆಯೂ ಇತ್ತು. ವಯಸ್ಸಾದಂತೆ ಕಣ್ಣು ಮಂಜಾಗುತ್ತದೆ, ಇಷ್ಟು ನಾಜೂಕು ಕೆಲಸ ಆಗಲ್ಲ ಎಂದು ಅವರಿಗೆ ಗೊತ್ತಿತ್ತು. ಅದಕ್ಕೆ ಕಣ್ಣು ಚೆನ್ನಾಗಿದ್ದಾಗಲೇ ಹಾಳೆ ಹಾಳೆಗಳ ಮೇಲೆ ಬರೀ ಹುಳಗಳನ್ನು ಬರೆದು ಎತ್ತಿಟ್ಟರು. ಒಂದರಲ್ಲಿ ಜೀರುಂಡೆ, ಒಂದರಲ್ಲಿ ಏರೋಪ್ಲೇನ್ ಚಿಟ್ಟೆ, ಸುತ್ತ ಖಾಲಿ. ವರ್ಷಗಳಾದ ಮೇಲೆ ಅದೇ ಹಾಳೆ ತೆಗೆದು ದಪ್ಪ ಕುಂಚದಲ್ಲಿ ಎಲೆ, ಹೂವು ಸೇರಿಸಿ ಹೆಸರು ಬರೆದರು. ಮಳೆಗಾಲಕ್ಕೆ ಹಪ್ಪಳ ಒಣಗಿಸಿ ಡಬ್ಬಿಗೆ ತುಂಬಿಡುವ ಮನೆಯವರ ಬುದ್ಧಿ ಇದು. ಹಾಗಾಗಿ ಒಂದೇ ಹಾಳೆಯಲ್ಲಿ ಹುಳ ಬರೆದ ಕೈಗೆ ಅರವತ್ತು, ಎಲೆ ಬರೆದ ಕೈಗೆ ಎಂಬತ್ತು ಇರಬಹುದು. ಇದು ಗೊತ್ತಾದ ಮೇಲೆ ಆ ಹಾಳೆಗಳನ್ನು ನೋಡಿದರೆ ನನಗೆ ಗಂಟಲು ಕಟ್ಟುತ್ತದೆ.

ಒರಟು ಎಂದರೆ ಸುಲಭ ಎಂದುಕೊಳ್ಳಬೇಡಿ. ಈ ಚಿತ್ರಗಳಿಗೆ ಬಳಸುವುದು ಶುವಾನ್ ಕಾಗದ. ಅನ್ಹುಯಿ ಪ್ರಾಂತ್ಯದಲ್ಲಿ ನೀಲಿ ಚಂದನ ಎಂದು ಕರೆಯುವ ಮರದ ತೊಗಟೆ ಮತ್ತು ಭತ್ತದ ಹುಲ್ಲಿನಿಂದ ಮಾಡುವುದು. ನಾಜೂಕು ಕೆಲಸಕ್ಕೆ ಸಾಮಾನ್ಯವಾಗಿ ಅದಕ್ಕೆ ಪಟಿಕ ಮತ್ತು ಅಂಟು ಬಳಿದಿರುತ್ತಾರೆ, ಮಸಿ ಹರಡುವುದಿಲ್ಲ. ಏನೂ ಬಳಿಯದ ಹಸಿ ಕಾಗದ ಬೇರೆಯೇ. ಕುಂಚ ಇಟ್ಟು ಒಂದು ಉಸಿರು ತಡೆದರೆ ಸಾಕು, ಮಸಿ ಕಾಸಿನಗಲ ಹಬ್ಬುತ್ತದೆ. ಅಳಿಸುವ ಹಾಗಿಲ್ಲ, ಮೇಲೆ ತಿದ್ದುವ ಹಾಗಿಲ್ಲ. ಕುಂಬಳದ ಎಲೆಯ ಮೇಲೆ ನರ ಬರೆಯಬೇಕಾದರೆ ಎಲೆ ಅರೆ ಒಣಗಿದ ಹೊತ್ತು ನೋಡಿಯೇ ಬರೆಯಬೇಕು. ಮೊದಲು ಬರೆದರೆ ಕಲಸಿಹೋಗುತ್ತದೆ, ತಡವಾದರೆ ಎಲೆಗೂ ನರಕ್ಕೂ ಸಂಬಂಧ ಇಲ್ಲದೆ ಮೇಲೇ ನಿಲ್ಲುತ್ತದೆ. ರಂಗೋಲಿ ಹಾಕುವವರಿಗೆ ಇದು ಬೇಗ ಅರ್ಥವಾದೀತು. ಬೆರಳಿನಿಂದ ಪುಡಿ ಬಿಟ್ಟಾಯಿತು ಅಂದರೆ ಬಿಟ್ಟಾಯಿತು.

ಸಿಗಡಿಯ ಹಾಳೆ ನೋಡಿದರೆ ಈ ಮಸಿಯ ಆಟ ಚೆನ್ನಾಗಿ ಕಾಣುತ್ತದೆ. ಅವರು ಮೇಜಿನ ಮೇಲೆ ಬಟ್ಟಲಲ್ಲಿ ಜೀವಂತ ಸಿಗಡಿ ಸಾಕಿಕೊಂಡು ನೋಡುತ್ತಿದ್ದರು. ಮೊದಲು ತೆಳು ಮಸಿಯಲ್ಲಿ ತಲೆ. ಅದು ಆರುವ ಮೊದಲೇ ಒಳಗೆ ಒಂದು ಗಾಢ ಗೀಟು. ಎರಡೂ ಕಲೆತು ಚಿಪ್ಪಿನ ಒಳಗೆ ಏನೋ ಕಂಡ ಹಾಗೆ ಆಗುತ್ತದೆ. ಆಮೇಲೆ ಮೈಯ ತುಂಡುಗಳು, ಒಂದೊಂದೇ ಗೀಟು, ನಡುವೆ ಬಾಗು. ಕಣ್ಣಿಗೆ ಎರಡು ಕಪ್ಪು ಗೀಟು. ಮೀಸೆ ಉದ್ದಕ್ಕೆ, ಎಲ್ಲೂ ನೆಟ್ಟಗಿಲ್ಲ. ನೀರನ್ನು ಅವರು ಬರೆದೇ ಇಲ್ಲ, ನೋಡಿದಿರಾ? ಆ ಮೀಸೆಯ ಬಾಗಿನಲ್ಲೇ ನೀರು ಇದೆ. ಖಾಲಿ ಜಾಗ ಯಾಕೆ ಎಂದು ಕೇಳಿದ್ದಿರಿ. ಈ ಹಾಳೆಯ ಖಾಲಿ ಜಾಗ ನೀರು. ಮಿಡತೆಯ ಹಾಳೆಯಲ್ಲಿ ಅದು ಗಾಳಿ. ಭೂತದ ಹಾಳೆಯಲ್ಲಿ ಬರೀ ಕಾಗದ, ಅಲ್ಲಿ ಮಾತಿಗೆ ಜಾಗ ಬೇಕಿತ್ತು.

ಇನ್ನೂ ಒಂದು ಮಾತಿದೆ ಸಿಗಡಿಯ ಬಗ್ಗೆ. ಶುರುವಿನಲ್ಲಿ ಕಾಲುಗಳೆಲ್ಲ ಲೆಕ್ಕ ತಪ್ಪದೆ ಬರೆಯುತ್ತಿದ್ದರು. ವರ್ಷ ಕಳೆದಂತೆ ಕಡಿಮೆ ಮಾಡುತ್ತಾ ಬಂದರು. ಕೊನೆಗೆ ಐದಕ್ಕೆ ನಿಲ್ಲಿಸಿದರು. ಬಾಳೆಯ ಸುಳಿ ತಪ್ಪಾದೀತು ಎಂದು ಬಿಟ್ಟವರೇ ಸಿಗಡಿಯ ಕಾಲು ಬಿಟ್ಟರು. ಎರಡಕ್ಕೂ ತಾಳೆ ಹೇಗೆ? ಗೊತ್ತಿದ್ದು ಬಿಡುವುದು ಬೇರೆ, ಗೊತ್ತಿಲ್ಲದೆ ಬರೆಯುವುದು ಬೇರೆ. ಚಿತ್ರದ ಸೊಗಸು ಇರುವುದು ಹೋಲುವುದಕ್ಕೂ ಹೋಲದಿರುವುದಕ್ಕೂ ನಡುವೆ ಎಂದು ಅವರೇ ಹೇಳಿದ್ದರು. ತೀರಾ ಹೋಲಿದರೆ ಅದು ಜನರನ್ನು ಮೆಚ್ಚಿಸುವ ಕೆಲಸ, ಹೋಲದೇ ಇದ್ದರೆ ಲೋಕಕ್ಕೆ ಮಾಡುವ ಮೋಸ ಎಂದು.

ಈಗ ಮನುಷ್ಯರ ಹಾಳೆಗಳು. ಗಡ್ಡದವನ ಹೆಸರು ಝೋಂಗ್ ಕುಯಿ. ಕಥೆ ಹೀಗೆ: ಪರೀಕ್ಷೆಯಲ್ಲಿ ಗೆದ್ದ ಪಂಡಿತ, ಮುಖ ಕುರೂಪ ಎಂದು ಪದವಿ ತಪ್ಪಿತು, ಪ್ರಾಣ ಕಳೆದುಕೊಂಡ, ಆಮೇಲೆ ಭೂತಗಳನ್ನು ಹಿಡಿಯುವ ದೈವವಾದ. ಚೀನಾದಲ್ಲಿ ಮನೆ ಕಾಯಲೆಂದು ಅವನ ಚಿತ್ರ ಬಾಗಿಲಿಗೆ ಅಂಟಿಸುತ್ತಾರೆ. ಹೆಚ್ಚಿನವರು ಅವನನ್ನು ಕತ್ತಿ ಹಿಡಿದು ಕಣ್ಣರಳಿಸಿದ ಹಾಗೆ ಬರೆದರು. ಚಿ ಬೈಶಿ ಅವನಿಗೆ ಬೆನ್ನು ನವೆ ತಂದರು. ಭೂತ ತುರಿಸುತ್ತಿದೆ, ಅವನ ಮುಖ ಕಿವುಚಿಕೊಂಡಿದೆ. ಪಕ್ಕದ ಬರಹದ ಅರ್ಥ ಸುಮಾರಾಗಿ ಹೀಗೆ: ಕೆಳಗಲ್ಲ ಅಂದರೆ ಕೆಳಗೇ ಕೆರೆಯುತ್ತೀಯ, ಮೇಲಲ್ಲ ಅಂದರೆ ಮೇಲೇ ಕೆರೆಯುತ್ತೀಯ. ನೀನಿರುವುದು ಚರ್ಮದ ಮೇಲೆ, ನನ್ನ ನೋವು ನವೆ ನಿನಗೆ ಹೇಗೆ ಗೊತ್ತಾದೀತು?

ಬರಹ ಗೊತ್ತಾದ ಮೇಲೆ ಚಿತ್ರ ಬೇರೆಯಾಗುತ್ತದೆ. ಹಾಗಾಗಿ ಚೀನಾದ ಚಿತ್ರದಲ್ಲಿ ಅಕ್ಷರ ಅಂದಕ್ಕೆ ಇಟ್ಟದ್ದಲ್ಲ. ಅವರ ಇನ್ನೊಂದು ಪ್ರಸಿದ್ಧ ಚಿತ್ರದಲ್ಲಿ, ತಳ್ಳಿದರೂ ಮತ್ತೆ ಎದ್ದು ಕೂರುವ ಮಣ್ಣಿನ ಗೊಂಬೆ ಇದೆ. ಅಧಿಕಾರಿಯ ಕಪ್ಪು ಟೋಪಿ, ಕೈಯಲ್ಲಿ ಬಿಳಿ ಬೀಸಣಿಗೆ. ಪಕ್ಕದ ಪದ್ಯ ಕೇಳುತ್ತದೆ: ನಿನ್ನನ್ನು ಒಡೆದು ನೋಡಿದರೆ, ಮೈಯಲ್ಲಿ ಹೃದಯ ಎಲ್ಲಿದೆ? ಬಡ ರೈತರ ಮಗನ ಸಿಟ್ಟು ಅದು, ಅಂಗೈಯಗಲದ ಗೊಂಬೆಯಲ್ಲಿ. ದೀಪ ಮತ್ತು ಇಲಿ ಮಾತ್ರ ಅಷ್ಟು ಗಂಭೀರ ಅಲ್ಲ. ಚೀನಾದ ಮಕ್ಕಳ ಹಾಡೊಂದರಲ್ಲಿ ಇಲಿ ಎಣ್ಣೆ ಕದಿಯಲು ದೀಪದ ಕಂಬ ಹತ್ತುತ್ತದೆ, ಇಳಿಯಲು ಆಗುವುದಿಲ್ಲ. ನೋಡಿದವರಿಗೆಲ್ಲ ಆ ಹಾಡು ನೆನಪಾಗುತ್ತದೆ.

ಈ ದಾರಿ ಸುಲಭಕ್ಕೆ ಸಿಗಲಿಲ್ಲ ಅವರಿಗೆ. ಊರಲ್ಲಿ ಡಕಾಯಿತರ ಕಾಟ, ಯುದ್ಧ. ಐವತ್ತು ದಾಟಿದ ಮೇಲೆ ಬೀಜಿಂಗ್‌ಗೆ ಬಂದು ನೆಲೆಸಿದರು. ಒಂದು ಬೀಸಣಿಗೆಗೆ ಚಿತ್ರ ಬರೆದರೆ ಎರಡು ಬೆಳ್ಳಿ ನಾಣ್ಯ. ಬೇರೆಯವರ ಅರ್ಧ ಬೆಲೆ. ಆದರೂ ಕೇಳುವವರಿಲ್ಲ. ಚೆನ್ ಶಿಝೆಂಗ್ ಎಂಬ ಚಿತ್ರಕಾರ ಮಿತ್ರರು, ನಿಮ್ಮದೇ ದಾರಿ ಹಿಡಿಯಿರಿ ಎಂದು ಬೆನ್ನುಹತ್ತಿದರು. ಆಮೇಲೆ ಹಳೆಯ ತೆಳು, ತಣ್ಣನೆಯ ಬಗೆಯನ್ನು ಬಿಟ್ಟು ಕಡುಕೆಂಪು ಹೂವು, ಕಪ್ಪು ಮಸಿಯ ಎಲೆ ಬಂದವು. 1922ರಲ್ಲಿ ಚೆನ್ ಅವರೇ ಈ ಚಿತ್ರಗಳನ್ನು ಟೋಕಿಯೋ ಪ್ರದರ್ಶನಕ್ಕೆ ಒಯ್ದರು. ಅಲ್ಲಿ ಒಳ್ಳೆಯ ಬೆಲೆಗೆ ಮಾರಾಟವಾದ ಮೇಲೆ ಬೀಜಿಂಗ್ ಕೂಡ ತಿರುಗಿ ನೋಡಿತು. ಮರುವರ್ಷವೇ ಚೆನ್ ತೀರಿಕೊಂಡರು.

ಆಲ್ಬಮ್ ಎಂಬ ವಸ್ತುವಿನ ಬಗ್ಗೆಯೂ ಹೇಳಬೇಕು. ನಿಮ್ಮದು ಮಡಿಕೆಯದು ಎಂದಿರಿ. ನಮ್ಮ ಹಳೆಯ ಕಡತ ನೋಡಿದ್ದೀರಾ? ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಹಿಂದಕ್ಕೂ ಮುಂದಕ್ಕೂ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರಲ್ಲ, ಶೃಂಗೇರಿ ಮಠದಲ್ಲಿ ಅಂಥವು ಬೇಕಾದಷ್ಟು ಉಳಿದಿವೆ. ಮಡಿಕೆ ಅದೇ ರೀತಿ. ಚೀನಾದಲ್ಲಿ ಬಿಡಿ ಹಾಳೆಗಳಿಗೆ ಬರೆದು, ಹಿಂದೆ ಕಾಗದ ಅಂಟಿಸಿ ಗಟ್ಟಿ ಮಾಡಿ, ಎಂಟೋ ಹತ್ತೋ ಹನ್ನೆರಡೋ ಹಾಳೆ ಜೋಡಿಸಿ, ಎರಡೂ ಬದಿಗೆ ಮರದ ಹಲಗೆ ಹಾಕುತ್ತಾರೆ. ಪುಸ್ತಕದಂತೆ ಪಕ್ಕಕ್ಕೆ ತೆರೆಯುವುದಿದೆ, ಕಿಟಕಿಯಂತೆ ಮೇಲಕ್ಕೆ ಎತ್ತುವುದೂ ಇದೆ. ಗೋಡೆಗೆ ಹಾಕುವ ಚಿತ್ರ ಬಂದವರಿಗೆಲ್ಲ ಕಾಣುತ್ತದೆ. ಆಲ್ಬಮ್ ಕೇಳಿದವರಿಗೆ ಮಾತ್ರ. ಇಬ್ಬರೋ ಮೂವರೋ ಸ್ನೇಹಿತರು ಮೇಜಿನ ಸುತ್ತ ಕೂತು, ತಲೆ ಬಗ್ಗಿಸಿ, ಒಂದೊಂದೇ ಹಾಳೆ ತಿರುಗಿಸಿ ನೋಡುವುದು. ಇದಕ್ಕೇ ನಾಜೂಕು ಕೆಲಸ ಅಲ್ಲಿ ಸಲ್ಲುತ್ತದೆ. ಸೂಜೋ ಊರಿನ ಚಿತ್ರಕಾರ ಶೆನ್ ಝೌ 1494ರಲ್ಲೇ ಹೀಗೆ ಹೂವು, ಹಕ್ಕಿ, ಏಡಿ, ಸಿಗಡಿ, ಬೆಕ್ಕುಗಳ ಒಂದು ಆಲ್ಬಮ್ ಮಾಡಿದರು. ಮನೆಯಲ್ಲಿ ಹೊಟ್ಟೆ ತುಂಬ ಉಂಡು ಬಿಡುವಾಗಿದ್ದಾಗಿನ ಖುಷಿಗೆ ಬರೆದೆ, ಈ ಬಣ್ಣಗಳಲ್ಲಿ ನನ್ನನ್ನು ಹುಡುಕಬೇಡಿ, ನಾನು ಅದರ ಆಚೆ ಇದ್ದೇನೆ ಎಂಬ ಅರ್ಥದಲ್ಲಿ ಕೊನೆಗೆ ಬರೆದಿದ್ದಾರೆ. ಆ ಆಲ್ಬಮ್ ಈಗ ತೈಪೆಯ ಅರಮನೆ ಮ್ಯೂಸಿಯಂನಲ್ಲಿದೆ.

ನಿಮ್ಮ ಕೈಯಲ್ಲಿರುವುದು ಬೇರೆ ಬೇರೆ ವರ್ಷದ ಹಾಳೆ ಆರಿಸಿ ಅಚ್ಚು ಹಾಕಿದ್ದು. ಹಾಗಾಗಿ ಹಾಳೆಗಳ ಅನುಕ್ರಮ ಅವರದೇ ಎಂದು ತಿಳಿಯಬೇಡಿ. ಆದರೂ ಚಿತ್ರಕಾರರೇ ಜೋಡಿಸಿದ ಆಲ್ಬಮ್ಮುಗಳಲ್ಲೂ ಕಥೆಯ ಸರಪಳಿ ಹುಡುಕುವ ಅಗತ್ಯ ಇರುವುದಿಲ್ಲ. ಒಂದು ತುಂಬಿದ ಹಾಳೆ, ಆಮೇಲೆ ಒಂದು ಬರಿದಾದದ್ದು. ಒಂದು ಕೆಂಪು, ಆಮೇಲೆ ಬರೀ ಮಸಿ. ನಗಿಸುವುದು, ಆಮೇಲೆ ಸುಮ್ಮನಾಗಿಸುವುದು. ಪೂರ್ತಿ ಬಿಚ್ಚಿ ನೆಲಕ್ಕೆ ಹಾಸಬೇಡಿ. ಒಂದು ಸಲಕ್ಕೆ ಒಂದೇ ಮಡಿಕೆ ತೆರೆಯಿರಿ, ಕಿಟಕಿಯ ಬೆಳಕಿನಲ್ಲಿ. ಕನ್ನಡಕ ಹಾಕಿಕೊಂಡು ಹುಳ ನೋಡಿ, ತೆಗೆದು ಎಲೆ ನೋಡಿ. ಜೊತೆಗೆ ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು, ಮೊಮ್ಮಕ್ಕಳಾದರೂ ಸರಿ.

ನಿಮ್ಮ ಹಾಳೆಯ ಮೇಲಿರುವ 1942, ಆ ವರ್ಷದ ಇನ್ನೊಂದು ಆಲ್ಬಮ್ ಇದೆ. ಹುಳ, ಹೂವುಗಳದ್ದು. ಬೀಜಿಂಗ್ ಆಗ ಜಪಾನೀ ಸೈನ್ಯದ ಕೈಯಲ್ಲಿತ್ತು. ಮುದುಕರು ಬಾಗಿಲು ಹಾಕಿಕೊಂಡು, ಅಧಿಕಾರಿಗಳಿಗೆ ಚಿತ್ರ ಮಾರುವುದಿಲ್ಲ ಎಂದು ಚೀಟಿ ಅಂಟಿಸಿ ಒಳಗೆ ಕೂತಿದ್ದರು. ಆ ಆಲ್ಬಮ್ಮಿಗೆ ನಾಲ್ಕೇ ಅಕ್ಷರದ ಹೆಸರು: ಕ ಶಿ ವು ಶೆಂಗ್. ‘ಅಯ್ಯೋ, ದನಿ ಒಂದಿಲ್ಲ’ ಎಂದು ಅರ್ಥ.